ಎತ್ತಿಗೆ ಸೋಮವಾರ ಉಂಟು, ಆಳಿಗೆ?

ನಮ್ಮ ಸೀಮೆಯ ಒಕ್ಕಲಿಗ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಹಂಗಾಮು ಎಷ್ಟೇ ಒತ್ತಿ ಬಂದಿರಲಿ, ಹೊಲದ ಹದ ಆರಿಹೋಗುತ್ತಿರಲಿ, ಸೋಮವಾರ ಬಸವಣ್ಣನ ದಿನ. ಅಂದು ಎತ್ತು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತ ನಿಲ್ಲಬೇಕು. ಕಂಪ್ಲಿಯ ಗದ್ದೆ ಬಯಲಿಗೆ ಟ್ರಾಕ್ಟರು ಬಂದ ಮೇಲೆ ಎತ್ತುಗಳೇ ಕಡಿಮೆಯಾದವು, ನಿಜ. ಎತ್ತು ಉಳಿದ ಮನೆಗಳಲ್ಲಿ ಕಟ್ಟಳೆಯೂ ಉಳಿದಿದೆ. ಇದನ್ನು ಯಾವ ಶಾಸನಸಭೆಯೂ ಮಾಡಿಕೊಡಲಿಲ್ಲ. ದುಡಿಯುವ ಜೀವಕ್ಕೆ ಬಿಡುವು ಬೇಕೆಂಬುದನ್ನು ಒಕ್ಕಲಿಗ ಪುಸ್ತಕ ಓದಿ ತಿಳಿದದ್ದಲ್ಲ, ನೇಗಿಲ ಹಿಂದೆ ನಡೆದು ತಿಳಿದದ್ದು.

ಸರ್ಕಾರವೂ ಮೂಕಪ್ರಾಣಿಗೆ ಕನಿಕರ ತೋರಿಸಿದೆ. ಪ್ರಾಣಿಹಿಂಸೆ ತಡೆಯುವ 1960ರ ಕಾಯಿದೆಯ ಕೆಳಗೆ 1965ರಲ್ಲಿ ಮಾಡಿದ ನಿಯಮಗಳನ್ನು ತೆಗೆದು ನೋಡಿರಿ. ಗಾಡಿ ಎಳೆಯುವ, ಹೇರು ಹೊರುವ ಪ್ರಾಣಿಯನ್ನು ದಿನಕ್ಕೆ ಒಟ್ಟು 9 ತಾಸಿಗಿಂತ ಹೆಚ್ಚು ದುಡಿಸಕೂಡದು. ನಡುವೆ ಬಿಡುವು ಕೊಡದೆ 5 ತಾಸು ಮೀರಿ ದುಡಿಸಕೂಡದು. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಲೇಕೂಡದು. ಬಹಳ ಒಳ್ಳೆಯ ನಿಯಮ, ನಮ್ಮದೇನೂ ತಕರಾರಿಲ್ಲ. ಆದರೆ ಚೈತ್ರ ವೈಶಾಖದಲ್ಲಿ ಹೊಸಪೇಟೆ, ಸಂಡೂರು, ಕಂಪ್ಲಿಗಳಲ್ಲಿ 37 ಡಿಗ್ರಿ ದಾಟಲು ಮಧ್ಯಾಹ್ನವೇ ಆಗಬೇಕಾಗಿಲ್ಲ. ಅದೇ ಮಧ್ಯಾಹ್ನ ಒಂದು ಗಂಟೆಗೆ ಹಮಾಲನು ಬೆನ್ನಿನ ಮೇಲೆ ಭತ್ತದ ಚೀಲ ಹೊತ್ತು ಹಲಗೆಯ ಮೇಲೆ ಹೆಜ್ಜೆಯಿಟ್ಟು ಲಾರಿ ಏರುತ್ತಾನೆ. ಅವನು ಎತ್ತಾಗಿದ್ದರೆ ಧಣಿಯ ಮೇಲೆ ಮೊಕದ್ದಮೆ ಹೂಡಬಹುದಿತ್ತು. ಮನುಷ್ಯನಾಗಿ ಹುಟ್ಟಿದ ತಪ್ಪಿಗೆ ಆ ಭಾಗ್ಯ ಅವನಿಗಿಲ್ಲ!

ಈ ಮಾತನ್ನು ಈಗ ಎತ್ತಲು ಕಾರಣವಿದೆ. ದುಡಿಮೆಯ ಪುರಾಣ ಹೇಳುವ ದೊಡ್ಡ ಮನುಷ್ಯರು ಈಚೆಗೆ ಹೆಚ್ಚಿದ್ದಾರೆ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣಮೂರ್ತಿಯವರು ದೇಶದ ತರುಣರು ವಾರಕ್ಕೆ 70 ತಾಸು ದುಡಿಯಬೇಕೆಂದರು. 2025ರ ಜನವರಿಯಲ್ಲಿ ಲಾರ್ಸನ್ ಆಂಡ್ ಟೂಬ್ರೊ ಕಂಪನಿಯ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ 90 ತಾಸಿನ ಮಾತು ಹೊರಬಿತ್ತು. ಭಾನುವಾರವೂ ಬರಬೇಕಂತೆ, ಮನೆಯಲ್ಲಿ ಕುಳಿತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡಲಾದೀತು ಎಂದು ಕೇಳಿದರಂತೆ! ಏಳು ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 13 ತಾಸು. ಈ ಮಹಾಶಯರು ತಾವೂ ಅಷ್ಟು ಹೊತ್ತು ದುಡಿದವರೇ ಇರಬಹುದು. ಅವರಿಗೆ ಮನೆಯಲ್ಲಿ ಅಡಿಗೆ ಮಾಡಲು ಒಬ್ಬರು, ಕಾರು ನಡೆಸಲು ಒಬ್ಬರು, ಬಟ್ಟೆ ಒಗೆಯಲು ಒಬ್ಬರು. ಅವರ ದುಡಿಮೆಯ ಫಲ ಅವರ ಹೆಸರಿನಲ್ಲೇ ಬೆಳೆಯುತ್ತದೆ. ಸಕ್ಕರೆ ಮೂಟೆ ಹೊತ್ತವನಿಗೆ ಸಕ್ಕರೆಯಲ್ಲಿ ಪಾಲೆಲ್ಲಿದೆ?

ಇನ್ನು ಕೆಲವರು ಶರಣರ ಕಾಯಕದ ಮಾತನ್ನು ಬಾಯಿಗೆ ತಂದುಕೊಳ್ಳುತ್ತಾರೆ. ಗಿರಣಿಯ ಗೋಡೆಯ ಮೇಲೂ ಬರೆಸುತ್ತಾರೆ. ಅವರು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕತೆಯನ್ನು ಪೂರಾ ಕೇಳಿದಂತಿಲ್ಲ. ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯದ ಅಳತೆಗಿಂತ ಹೆಚ್ಚು ತಂದ. ಲಕ್ಕಮ್ಮ ಭಲೇ ಎನ್ನಲಿಲ್ಲ, ಹೆಚ್ಚಿನದನ್ನು ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದು ವಾಪಸು ಕಳಿಸಿದಳು. ಕಾಯಕಕ್ಕೆ ಅಳತೆ ಉಂಟು ಎಂದವಳು ಆಕೆ. ಅಳತೆಯನ್ನು ಕಿತ್ತೆಸೆದು ಬರಿಯ ಕಾಯಕವನ್ನು ಆಳಿನ ಕೊರಳಿಗೆ ಕಟ್ಟುವುದು ಶರಣಧರ್ಮವಲ್ಲ, ಸಾಹುಕಾರರ ಧರ್ಮ.

ಅಳತೆಯ ಚರಿತ್ರೆಯನ್ನು ಸ್ವಲ್ಪ ನೋಡೋಣ. 1881ರ ಮೊದಲ ಕಾರ್ಖಾನೆ ಕಾಯಿದೆ ಏಳು ವರ್ಷದ ಕೂಸನ್ನು ದಿನಕ್ಕೆ 9 ತಾಸು ದುಡಿಸಲು ಒಪ್ಪಿತ್ತು. ದೊಡ್ಡವರ ಮಾತನ್ನೇ ಎತ್ತಲಿಲ್ಲ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಸೂರ್ಯ ಹುಟ್ಟುವಾಗ ಒಳಗೆ, ಮುಳುಗಿದಾಗ ಹೊರಗೆ. ಜೋತೀಬಾ ಫುಲೆಯವರ ಸಂಗಾತಿ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಗಿರಣಿ ಕೆಲಸಗಾರರನ್ನು ಕೂಡಿಸಿ ವಾರಕ್ಕೊಂದು ದಿನ ಬಿಡುವು ಕೊಡಿರೆಂದು ಕೇಳಿದರು. ಧಣಿಗಳು ಒಪ್ಪಲು ಆರು ವರ್ಷ ಹಿಡಿಯಿತು. 1890ರ ಜೂನ್ 10ರಂದು ಭಾನುವಾರದ ರಜೆ ದೊರೆಯಿತು. ಇಂದು ಬ್ಯಾಂಕಿನವರು, ಮೇಷ್ಟರು, ಕಛೇರಿಯ ಗುಮಾಸ್ತರು ಮಲಗಿ ಏಳುವ ಭಾನುವಾರದಲ್ಲಿ ಆ ಗಿರಣಿಯವರ ಬೆವರೂ ಇದೆ. ಅನಂತರ 1911ರಲ್ಲಿ ಬಟ್ಟೆ ಗಿರಣಿಯ ಗಂಡಾಳಿಗೆ ದಿನಕ್ಕೆ 12 ತಾಸು ಎಂದು ಗೆರೆ ಎಳೆದರು. ವಾರದ ಲೆಕ್ಕ 1922ರಲ್ಲಿ 60 ಆಯಿತು, 1934ರಲ್ಲಿ 54. ಡಾಕ್ಟರ್ ಅಂಬೇಡ್ಕರರು ವೈಸರಾಯರ ಸಭೆಯಲ್ಲಿ ಕಾರ್ಮಿಕ ಖಾತೆ ಹಿಡಿದಿದ್ದಾಗ, 1946ರಲ್ಲಿ, 48ಕ್ಕೆ ಇಳಿಯಿತು. ಸ್ವತಂತ್ರ ಭಾರತದ 1948ರ ಕಾಯಿದೆ ಅದನ್ನೇ ಗಟ್ಟಿ ಮಾಡಿತು: ವಾರಕ್ಕೆ 48, ದಿನಕ್ಕೆ 9, ಐದು ತಾಸಿಗೆ ಅರ್ಧ ತಾಸಿನ ಬಿಡುವು, ಮೀರಿದ ಹೊತ್ತಿಗೆ ಇಮ್ಮಡಿ ಕೂಲಿ.

ಇಷ್ಟು ದೂರ ಬಂದ ಗಾಡಿಯನ್ನು ಹಿಂದಕ್ಕೆ ತಿರುಗಿಸುವ ಕೆಲಸ ನಮ್ಮ ಕಣ್ಣೆದುರಿಗೇ ನಡೆಯಿತು. 2020ರ ಮೇ ತಿಂಗಳಲ್ಲಿ, ಕೆಲಸಗಾರ ಸಾಂಕ್ರಾಮಿಕದಿಂದ ಕಂಗೆಟ್ಟು ಊರಿಗೆ ನಡೆದು ಹೋಗುತ್ತಿದ್ದಾಗ, ಕರ್ನಾಟಕ ಸರ್ಕಾರ ದಿನಕ್ಕೆ 10 ತಾಸು, ವಾರಕ್ಕೆ 60 ತಾಸು ದುಡಿಸಲು ಕಾರ್ಖಾನೆಗಳಿಗೆ ಅಪ್ಪಣೆ ಕೊಟ್ಟಿತು. ಮಾತು ಹೈಕೋರ್ಟಿಗೆ ಹೋದ ಮೇಲೆ ಜೂನಿನಲ್ಲಿ ವಾಪಸು ಪಡೆಯಿತು. 2023ರ ಫೆಬ್ರವರಿಯಲ್ಲಿ ಮತ್ತೆ ಬಂತು, ಈ ಸಲ ಮಸೂದೆಯಾಗಿಯೇ. ದಿನಕ್ಕೆ 12 ತಾಸಿನವರೆಗೆ ದುಡಿಸಬಹುದು. 1911ರಲ್ಲಿ ಬಿಳಿಯ ಸರ್ಕಾರದ ಅಂಕಿ 12, ನೂರ ಹನ್ನೆರಡು ವರ್ಷದ ಮೇಲೆ ನಮ್ಮವರ ಅಂಕಿಯೂ 12! ಮಸೂದೆ ತಂದದ್ದು ಒಂದು ಪಕ್ಷ. ಅದೇ ವರ್ಷ ಗದ್ದುಗೆಗೆ ಬಂದದ್ದು ಇನ್ನೊಂದು ಪಕ್ಷ. ಬಂದವರು ಅದನ್ನು ಕಿತ್ತುಹಾಕಲಿಲ್ಲ. ವಿಧಾನಸೌಧದಲ್ಲಿ ಬೆಳಗಿನಿಂದ ಸಂಜೆಯವರೆಗೆ ಬೈದಾಡುವ ಇಬ್ಬರೂ ನಮ್ಮ ಬೆನ್ನಿನ ವಿಷಯದಲ್ಲಿ ಏಕಮತ.

ಅವರ ವಾದವನ್ನೂ ಕೇಳಿಸಿಕೊಳ್ಳೋಣ. ವಾರದ 48 ತಾಸಿನ ಮಿತಿ ಹಾಗೆಯೇ ಇದೆ, ನಾಲ್ಕು ದಿನ ದುಡಿದು ಮೂರು ದಿನ ಮಲಗಿರಿ, ಅದೂ ಕೆಲಸಗಾರ ಬರೆದು ಒಪ್ಪಿದರೆ ಮಾತ್ರ, ಎಂದರು. ಒಪ್ಪಿಗೆ! ಗಿರಣಿ ಬಾಗಿಲಲ್ಲಿ ಕೆಲಸಕ್ಕೆ ಹತ್ತು ಜನ ನಿಂತಿರುವಾಗ ಒಳಗಿರುವವನ ಹೆಬ್ಬೆಟ್ಟಿಗೆ ಒಪ್ಪಿಗೆ ಎಂದು ಹೆಸರೇ? ನಾಲ್ಕು ದಿನದ ವಾರವನ್ನು ನಡೆಸುವ ಗಿರಣಿ ಹೊಸಪೇಟೆಯಲ್ಲಿ ಎಲ್ಲಿದೆ, ತೋರಿಸಲಿ. ನಿದ್ದೆ ಬ್ಯಾಂಕಿನ ಠೇವಣಿಯಲ್ಲ, ನಾಲ್ಕು ದಿನ ಕಳೆದುಕೊಂಡು ಐದನೆಯ ದಿನ ಬಡ್ಡಿ ಸಹಿತ ತೆಗೆಯಲು. ಹನ್ನೊಂದನೆಯ ತಾಸಿನಲ್ಲಿ ಬೆಲ್ಟಿಗೆ ಸಿಕ್ಕ ಕೈ ಮೂರು ದಿನದ ರಜೆಯಲ್ಲಿ ಮತ್ತೆ ಚಿಗುರುವುದಿಲ್ಲ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕೂಡಿ ಹಾಕಿದ ಲೆಕ್ಕದಂತೆ, ವಾರಕ್ಕೆ 55 ತಾಸು ಮತ್ತು ಅದಕ್ಕೂ ಮೀರಿ ದುಡಿಯುವವರಿಗೆ 35ರಿಂದ 40 ತಾಸು ದುಡಿಯುವವರಿಗಿಂತ ಪಾರ್ಶ್ವವಾಯುವಿನ ಭಯ ನೂರಕ್ಕೆ 35ರಷ್ಟು ಹೆಚ್ಚು. 2016ರ ಒಂದೇ ವರ್ಷದಲ್ಲಿ ಇಂಥ ಅತಿದುಡಿಮೆಯಿಂದ ಜಗತ್ತಿನಲ್ಲಿ ಸತ್ತವರು ಸುಮಾರು 7,45,000 ಜನ. ಹೃದಯ ನಿಂತು ಸತ್ತವನಿಗೆ ಊರಿನಲ್ಲಿ ‘ಆಯುಷ್ಯ ಇಷ್ಟೇ’ ಎನ್ನುತ್ತಾರೆ. ಆಯುಷ್ಯವನ್ನು ಎಣಿಸಿದವರು ಯಾರೆಂದು ಕೇಳುವುದಿಲ್ಲ.

2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1948ರ ಕಾಯಿದೆ ಅದರಲ್ಲಿ ಕರಗಿತು. ದಿನಕ್ಕೆ 8 ತಾಸು ಎಂಬ ಮಾತು ಸಂಹಿತೆಯಲ್ಲಿ ಇದೆ, ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ನಡುವಿನ ಬಿಡುವು ಎಷ್ಟು, ಬೆಳಗಿನಿಂದ ಸಂಜೆಗೆ ಆ ತಾಸುಗಳನ್ನು ಎಷ್ಟು ಹಿಗ್ಗಿಸಬಹುದು ಎಂಬುದು ಹಿಂದೆ ಕಾಯಿದೆಯ ಮೈಯಲ್ಲಿಯೇ ಇತ್ತು. ಈಗ ಅದು ಸರ್ಕಾರದ ಅಧಿಸೂಚನೆಗೆ ಬಿಟ್ಟ ಮಾತು. ಕಾಯಿದೆ ಬದಲಿಸಲು ಸಭೆ ಸೇರಬೇಕು, ಅಧಿಸೂಚನೆಗೆ ಒಂದು ಸಹಿ ಸಾಕು. ಇನ್ನೂ ಒಂದು ಸಂಗತಿಯನ್ನು ನಮ್ಮ ಗಿರಣಿಯವರು ಗಮನಿಸಬೇಕು. ವಿದ್ಯುತ್ತಿನಿಂದ ನಡೆಯುವ ಕಡೆ 10 ಜನ ದುಡಿದರೆ ಮೊದಲು ಅದು ಕಾರ್ಖಾನೆ, ಈಗ 20 ಜನ ಬೇಕು. ಕಂಪ್ಲಿ ಕಡೆಯ ಸಣ್ಣ ಅಕ್ಕಿ ಗಿರಣಿಯಲ್ಲಿ ಹಾಜರಿ ಪುಸ್ತಕದಲ್ಲಿ ಇಪ್ಪತ್ತು ಹೆಸರು ಎಲ್ಲಿಂದ ಬರಬೇಕು? ಹೊಟ್ಟಿನ ಧೂಳು ಕುಡಿಯುತ್ತ ನಿಂತವನು ನಿನ್ನೆ ಕಾರ್ಖಾನೆಯ ಕೆಲಸಗಾರ, ಇಂದು ಅಲ್ಲ. ಧೂಳು ಮಾತ್ರ ಅದೇ.

ಹಮಾಲರ ಪಾಡು ಇದಕ್ಕೂ ಆಚೆಯದು. ಅವರಿಗೆ ತಾಸಿನ ಲೆಕ್ಕವೇ ಇಲ್ಲ, ಚೀಲದ ಲೆಕ್ಕ. ಚೀಲದ ಲೆಕ್ಕದಲ್ಲಿ ಬೇರೆ ಮೇಸ್ತ್ರಿ ಬೇಕಾಗಿಲ್ಲ, ಹೊಟ್ಟೆಯೇ ಮೇಸ್ತ್ರಿ. ಸುಗ್ಗಿಯಲ್ಲಿ ರಾತ್ರಿ ಲಾರಿ ಬಂದರೆ ರಾತ್ರಿಯೇ ಇಳಿಸಬೇಕು. ಸುಗ್ಗಿ ಮುಗಿದರೆ ಮರದ ಕೆಳಗೆ ಇಸ್ಪೀಟು. ಜ್ವರ ಬಂದ ದಿನ ಕೂಲಿಯಿಲ್ಲ, ಹಬ್ಬದ ದಿನ ಕೂಲಿಯಿಲ್ಲ. ಕೂಲಿಯಿಲ್ಲದ ರಜೆಗೆ ರಜೆ ಎನ್ನಬಾರದು, ಉಪವಾಸ ಎನ್ನಬೇಕು. ಮಹಾರಾಷ್ಟ್ರದವರು 1969ರಲ್ಲಿಯೇ ಮಾಥಾಡಿ ಕಾಯಿದೆ ಮಾಡಿ ಹಮಾಲರಿಗೆ ಮಂಡಳಿ ಕಟ್ಟಿದರು. ಯಾವ ವ್ಯಾಪಾರಿಯ ಚೀಲ ಹೊತ್ತರೂ ಕೂಲಿ ಮಂಡಳಿಯ ಮೂಲಕ, ಅದರ ಮೇಲೆ ಇಂತಿಷ್ಟು ಹಣ ರಜೆಗೆ, ಭವಿಷ್ಯನಿಧಿಗೆ. ಹೊರುವವನಿಗೂ ಸಂಬಳದ ರಜೆ ಕೊಡಬಹುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಸಂಡೂರಿನ ಕಡೆ ತಿರುಗೋಣ. ಚೀನಾಕ್ಕೆ ಅದಿರು ಹೋಗುತ್ತಿದ್ದ ಕಾಲವನ್ನು ಯಾರೂ ಮರೆತಿಲ್ಲ. ಬೆಟ್ಟ ಕರಗಿ ಲಾರಿಯೇರಿ ಬೇಲೆಕೇರಿ, ಮಂಗಳೂರು ಬಂದರುಗಳಿಗೆ ಹರಿಯಿತು. ಲೂಟಿಯ ಲೆಕ್ಕವನ್ನು 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಬರೆದುಕೊಟ್ಟರು. ಆ ಲೆಕ್ಕದಲ್ಲಿ ಟನ್ನುಗಳಿವೆ, ಕೋಟಿಗಳಿವೆ. ಲಾರಿ ಚಾಲಕರ ಕಣ್ಣಿನಿಂದ ಲೂಟಿಯಾದ ನಿದ್ದೆಯ ಲೆಕ್ಕ ಇಡುವ ಲೋಕಾಯುಕ್ತ ಇನ್ನೂ ಹುಟ್ಟಿಲ್ಲ. ಪಾರ್ಲಿಮೆಂಟು 1961ರಲ್ಲಿಯೇ ಮೋಟಾರು ಕೆಲಸಗಾರರಿಗೆ ಕಾಯಿದೆ ಮಾಡಿತ್ತು: ದಿನಕ್ಕೆ 8 ತಾಸು, ದೂರದ ದಾರಿಗೆ ಹೆಚ್ಚೆಂದರೆ 10, ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ ಸತತ 9 ತಾಸಿನ ಬಿಡುವು. ಟ್ರಿಪ್ಪಿನ ಲೆಕ್ಕದಲ್ಲಿ ಓಡುವವನಿಗೆ ಈ ಕಾಗದ ಯಾವ ಚೆಕ್‌ಪೋಸ್ಟಿನಲ್ಲೂ ಸಿಗಲಿಲ್ಲ. ಪರ್ಮಿಟ್ಟು ಕೇಳುವ ಅಧಿಕಾರಿಯುಂಟು, ತೂಕ ಕೇಳುವವನುಂಟು, ‘ನೀನು ಮಲಗಿ ಎಷ್ಟು ಹೊತ್ತಾಯಿತು?’ ಎಂದು ಕೇಳುವವನು ಮಾತ್ರ ಇಲ್ಲ. ಲಾರಿ ಮಗುಚಿದರೆ ಮೊದಲು ಬರೆಯುವ ಮಾತು ಚಾಲಕನ ಅಜಾಗರೂಕತೆ. ಮೂರು ರಾತ್ರಿ ಎಚ್ಚರವಿದ್ದವನಿಗೆ ಅಜಾಗರೂಕ ಎಂಬ ಬಿರುದು!

ಆಮೇಲೆ 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿ ನಿಲ್ಲಿಸಿತು. ನಿಲ್ಲಿಸಿದ್ದು ಸರಿ. ಬೆಟ್ಟಕ್ಕೆ ಬಿಡುವು ಸಿಕ್ಕಿತು, ಆದರೆ ಲಾರಿಯವನಿಗೆ, ಕ್ಲೀನರನಿಗೆ, ರಸ್ತೆ ಬದಿಯ ಪಂಕ್ಚರಿನ ಅಂಗಡಿಯವನಿಗೆ ಸಿಕ್ಕಿದ್ದು ಬಿಡುವಲ್ಲ, ಬೇಕಾರಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರನ್ನು ನಾವು ಕಂಡಿದ್ದೇವೆ. ‘ಆಗ ಕೆಲಸ ಹೆಚ್ಚೆಂದಿರಿ, ಈಗ ಆರಾಮಾಗಿ ಮಲಗಿರಿ’ ಎಂದು ಹಾಸ್ಯ ಮಾಡಿದವರೂ ಉಂಟು. ಸಾಲದ ಕಂತು ತಲೆಯ ಮೇಲಿರುವಾಗ ಯಾರಿಗೆ ನಿದ್ದೆ ಬರುತ್ತದೆ? ಹೊಸಪೇಟೆಯಲ್ಲಿ ಅಣೆಕಟ್ಟುಗಳಿಗೆ ಗೇಟು ಮಾಡುವುದನ್ನೇ ಕಸುಬಾಗಿ ಮಾಡಿಕೊಂಡಿದ್ದ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಾರ್ಖಾನೆಯನ್ನು ಮುಚ್ಚಲು ಕೇಂದ್ರ ಸರ್ಕಾರ 2015ರಲ್ಲಿ ತೀರ್ಮಾನಿಸಿತು. ಒಂಬತ್ತು ವರ್ಷ ತುಂಬುವ ಮುನ್ನ, 2024ರ ಆಗಸ್ಟ್ 10ರ ರಾತ್ರಿ, ಅದೇ ಊರಿನ ಅಣೆಕಟ್ಟಿನ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ಹರಿಯುವ ನೀರಿನ ಮೇಲೆ ನಿಂತು ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಇಳಿಸಿದವರು ಕೆಲಸಗಾರರೇ. ಏಳು ದಶಕ ದುಡಿದ ಕಬ್ಬಿಣವೂ ದಣಿಯುತ್ತದೆ ಎಂದು ಆಗ ಎಂಜಿನಿಯರರು ಹೇಳಿದರು, ಮಂತ್ರಿಗಳು ತಲೆದೂಗಿದರು. ಕಬ್ಬಿಣದ ದಣಿವು ಅರ್ಥವಾಗುವ ಸರ್ಕಾರಕ್ಕೆ ನರಮನುಷ್ಯನ ದಣಿವು ಅರ್ಥವಾಗಬಾರದೇಕೆ?

ಇದನ್ನು ಓದುವ ವ್ಯಾಪಾರಿ ಮಿತ್ರರು, ಇದೆಲ್ಲ ಗಿರಣಿಯವರ ಮಾತು, ನಮಗೇನು ಎಂದು ಪುಟ ಮಗುಚದಿರಲಿ. ಬೆಳಗ್ಗೆ ಆರಕ್ಕೆ ಕದ ತೆರೆದು ರಾತ್ರಿ ಹತ್ತಕ್ಕೆ ಗಲ್ಲಾಪೆಟ್ಟಿಗೆ ಎಣಿಸುವ ಕಿರಾಣಿ ಅಂಗಡಿಯವನು ಧಣಿ ಎಂದು ನಾವೇನೂ ತಿಳಿದಿಲ್ಲ. ಅವನು ತನಗೆ ತಾನೇ ಆಳು. ವಾರಕ್ಕೊಂದು ದಿನ ಮುಚ್ಚಲು ಅವನಿಗೂ ಆಸೆ. ಆದರೆ ನಾನು ಮುಚ್ಚಿದರೆ ಪಕ್ಕದವನಿಗೆ ಗಿರಾಕಿ ಹೋಗುತ್ತಾನೆಂಬ ಭಯ, ಪಕ್ಕದವನಿಗೂ ಅದೇ ಭಯ. ಇಬ್ಬರೂ ಭಾನುವಾರ ಮಧ್ಯಾಹ್ನ ತೂಕಡಿಸುತ್ತ ಎದುರುಬದುರು ಕುಳಿತಿರುತ್ತಾರೆ! ಆ ದಿನ ಬಂದ ಹತ್ತು ಗಿರಾಕಿ ಮರುದಿನ ಹೇಗೂ ಬರುವವರೇ. ಒಬ್ಬನೇ ಕೊಂಡುಕೊಳ್ಳಲಾಗದ ಸರಕು ಈ ಬಿಡುವು, ಬೀದಿ ಪೂರಾ ಕೂಡಿ ಕೊಳ್ಳಬೇಕು. ಅದಕ್ಕಾಗಿಯೇ ನಮ್ಮ ರಾಜ್ಯದ 1961ರ ಅಂಗಡಿಗಳ ಕಾಯಿದೆಯಲ್ಲಿ ವಾರದ ರಜೆ ಬಂದದ್ದು.

2021ರ ಜನವರಿಯಲ್ಲಿ ಸರ್ಕಾರ ಏನು ಮಾಡಿತು? ಹತ್ತು ಮತ್ತು ಹೆಚ್ಚು ಕೆಲಸಗಾರರಿರುವ ಅಂಗಡಿಗಳು ವರ್ಷದ ಎಲ್ಲ ದಿನವೂ ಹಗಲು ರಾತ್ರಿ ತೆರೆದಿರಬಹುದೆಂದು ಅಪ್ಪಣೆ ಕೊಟ್ಟಿತು. ಕೆಲಸಗಾರನಿಗೆ ಸರದಿಯ ಮೇಲೆ ವಾರದ ರಜೆ ಉಂಟಂತೆ. ಸರಿ. ಹತ್ತು ಜನರಿರುವ ದೊಡ್ಡ ಮಳಿಗೆಗೆ ಸರದಿ ಸಾಧ್ಯ, ಅಪ್ಪ ಮಗ ಇಬ್ಬರೇ ಇರುವ ಅಂಗಡಿಯಲ್ಲಿ ಸರದಿ ಯಾರೊಡನೆ? ದೊಡ್ಡ ಮೀನಿಗೆ ಹಗಲಿರುಳು ಈಜಲು ಬಿಟ್ಟು ಸಣ್ಣ ಮೀನಿಗೆ ನೀನೂ ಈಜು ಎಂದಂತಾಯಿತು. ಬಿಡುವಿನ ಕಾಯಿದೆ ಸಡಿಲವಾದಾಗಲೆಲ್ಲ ಗಿರಣಿ ಕೆಲಸಗಾರನ ಜೊತೆಗೆ ಬೀಳುವವನು ಸಣ್ಣ ವ್ಯಾಪಾರಿಯೇ. ಇಬ್ಬರ ಹೋರಾಟ ಬೇರೆಯೆಂದು ಹೇಳುವವರು ಇಬ್ಬರ ಹಿತವನ್ನೂ ಬಯಸುವವರಲ್ಲ.

ಹಂಪಿಗೆ ಬರುವ ದೊಡ್ಡ ಮನುಷ್ಯರು ಕಲ್ಲಿನ ರಥದ ಮುಂದೆ ನಿಂತು, ನೋಡಿ, ನಮ್ಮ ಹಿರಿಯರು ಗಡಿಯಾರ ನೋಡಿ ದುಡಿಯಲಿಲ್ಲ ಎಂದು ಭಾಷಣ ಬಿಗಿಯುವುದುಂಟು. ಹಿರಿಯರು ಹೇಗೆ ದುಡಿದರೆಂದು 1520ರ ಸುಮಾರಿನಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಿಸ್ ಬರೆದಿಟ್ಟಿದ್ದಾನೆ. ಕೃಷ್ಣದೇವರಾಯ ಕಟ್ಟಿಸುತ್ತಿದ್ದ ದೊಡ್ಡ ಕೆರೆಯಲ್ಲಿ ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಮುತ್ತಿಕೊಂಡು ದುಡಿಯುತ್ತಿದ್ದರಂತೆ, ಕಾಲ ಕೆಳಗಿನ ನೆಲವೇ ಕಾಣುತ್ತಿರಲಿಲ್ಲವಂತೆ. ಕಟ್ಟೆ ಎರಡು ಮೂರು ಸಲ ಒಡೆದಾಗ ಅರವತ್ತು ಜನರ ತಲೆ ಕಡಿದು ಬಲಿ ಕೊಟ್ಟರಂತೆ. ಇದು ಗಡಿಯಾರವಿಲ್ಲದ ದುಡಿಮೆ! ಆದರೆ ಅದೇ ಹಂಪಿಯ ದಾರಿಗಳಲ್ಲಿ ಕಲ್ಲಿನ ಮಂಟಪಗಳೂ ಇವೆ. ನಡೆದು ದಣಿದವನು, ಹೊತ್ತು ದಣಿದವನು ನೆರಳಿನಲ್ಲಿ ಕುಳಿತೇಳಲಿ ಎಂದು ಯಾರೋ ಪುಣ್ಯವಂತರು ಕಟ್ಟಿಸಿದವು. ನಮ್ಮ ಭಾಷಣಕಾರರಿಗೆ ರಥ ಕಾಣುತ್ತದೆ, ಮಂಟಪ ಕಾಣುವುದಿಲ್ಲ. ಕಲ್ಲುಕುಟಿಗರ ಮಾತು ಬಂತೆಂದು ಇಷ್ಟು ಹೇಳುತ್ತೇವೆ: ಆಸ್ಟ್ರೇಲಿಯಾದ ಮೆಲ್ಬೋರ್ನಿನಲ್ಲಿ 1856ರ ಏಪ್ರಿಲ್ 21ರಂದು ಉಳಿ ಸುತ್ತಿಗೆ ಕೆಳಗಿಟ್ಟು ಮೆರವಣಿಗೆ ಹೊರಟು 8 ತಾಸಿನ ದಿನವನ್ನು ಗೆದ್ದವರು ಕಟ್ಟಡದ ಕಲ್ಲುಕೆಲಸದವರೇ. ಷಿಕಾಗೋದ ರಕ್ತ ಹರಿಯುವುದಕ್ಕೂ ಮೂವತ್ತು ವರ್ಷ ಮುಂಚಿನ ಮಾತು ಅದು.

ಇನ್ನೊಂದು ಮಾತು ನಮ್ಮ ಗಂಡಸು ಸಂಗಾತಿಗಳಿಗೆ ರುಚಿಸಲಾರದು, ಆದರೂ ಹೇಳಲೇಬೇಕು. ಎಂಟು ತಾಸು ದುಡಿದು ಮನೆಗೆ ಬಂದು ಕಾಲು ಚಾಚಿದರೆ ನಮ್ಮ ಬಿಡುವು ಶುರು. ಅದೇ ಗಿರಣಿಯಲ್ಲಿ ತೌಡು ಕೇರಿ ಬಂದ ಹೆಂಗಸಿಗೆ ಆಗ ಎರಡನೆಯ ಪಾಳಿ ಶುರು. ಕೇಂದ್ರ ಸರ್ಕಾರದ 2019ರ ಸಮಯ ಬಳಕೆಯ ಸಮೀಕ್ಷೆಯಂತೆ, ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ ಅದರಲ್ಲಿ ಕಳೆಯುತ್ತಾರೆ, ಮಾಡುವ ಗಂಡಸರು 97 ನಿಮಿಷ. ಮಾಡದ ಗಂಡಸರು ಈ ಲೆಕ್ಕದಲ್ಲೇ ಇಲ್ಲ! ಹೆಂಗಸಿನ ಕಣ್ಣಿಗೆ ಹೊಗೆ, ತಲೆಗೆ ಕೊಡ ತಪ್ಪಿಸದ ಸಮಾಜವಾದ ಯಾತರದು ಎಂದು ಲೋಹಿಯಾ ಅವರು ಆ ಕಾಲಕ್ಕೇ ಜಗಳ ತೆಗೆದಿದ್ದರು. ವಾರದ ರಜೆ ಬಂದ ದಿನ ಮನೆಯಲ್ಲಿ ಹೋಳಿಗೆ ಮಾಡು ಎಂದು ಕುಳಿತರೆ ಆ ರಜೆಯನ್ನು ಇನ್ನೊಬ್ಬರ ಬೆನ್ನಿನಿಂದ ಕಿತ್ತುಕೊಂಡಂತೆ. ಇದಕ್ಕೆ ಸರ್ಕಾರದ ಅಧಿಸೂಚನೆ ಕಾಯಬೇಕಾಗಿಲ್ಲ.

ಉಳಿದದ್ದಕ್ಕೆ ಸರ್ಕಾರವನ್ನೇ ಹಿಡಿಯಬೇಕು. ಎಂಟು ತಾಸಿನ ಮೇಲೆ ಒಂದು ನಿಮಿಷ ದುಡಿಸಿದರೂ ಇಮ್ಮಡಿ ಕೂಲಿ, ಬಟವಾಡೆಯ ಚೀಟಿಯಲ್ಲಿ ಬರೆದೇ ಕೊಡಬೇಕು. ಹತ್ತು ಜನರ ಗಿರಣಿಯೂ ಕಾರ್ಖಾನೆಯೇ ಎಂದು ರಾಜ್ಯ ಸರ್ಕಾರ ಹೇಳಬೇಕು. ಹಮಾಲರಿಗೆ ಮಂಡಳಿ ಬೇಕು. ಬೇಸಿಗೆಯಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಬಯಲಿನಲ್ಲಿ ಹೊರುವ ಕೆಲಸ ನಿಲ್ಲಬೇಕು. ಎತ್ತಿಗೆ ಕೊಟ್ಟದ್ದನ್ನೇ ಕೇಳುತ್ತಿದ್ದೇವೆ, ಹೆಚ್ಚಿಗೆ ಏನೂ ಕೇಳಿಲ್ಲ. ಸಂಡೂರು ರಸ್ತೆಯಲ್ಲಿ ಚಾಲಕರಿಗೆ ಮಲಗಲು ಹೊರಸು, ನೀರು, ಪಾಯಖಾನೆ ಇರುವ ತಂಗುಮನೆಗಳು ಬೇಕು. ಗಣಿಯಿಂದ ಬಾಧಿತರಾದವರ ಹೆಸರಿನಲ್ಲಿ ಜಿಲ್ಲಾ ಖನಿಜ ನಿಧಿಯುಂಟು, ಅದರಿಂದಲೇ ಕಟ್ಟಿಸಲಿ. 2023ರಲ್ಲಿ ಕಾರ್ಮಿಕ ಖಾತೆ ವಹಿಸಿಕೊಂಡ ಸಂತೋಷ್ ಲಾಡ್ ಅವರು ಸಂಡೂರಿನವರೇ, ಆ ರಸ್ತೆಯ ಧೂಳನ್ನು ಅವರಿಗೆ ನಾವು ಪರಿಚಯ ಮಾಡಿಕೊಡಬೇಕಾಗಿಲ್ಲ.

ವ್ಯಾಪಾರಸ್ಥರ ವಾರದ ರಜೆಗೆ ಮಾತ್ರ ಬೆಂಗಳೂರಿನ ದಾರಿ ನೋಡಬೇಕಿಲ್ಲ. ಬೀದಿಯವರು ಕೂಡಿ ಕುಳಿತು ದಿನ ಗೊತ್ತು ಮಾಡಬಹುದು. ಹೊಸಪೇಟೆಯ ಕಿರಾಣಿಯವರಿಗೆ ಭಾನುವಾರ ಸರಿಹೋದೀತು. ಹಂಪಿಯಲ್ಲಿ ಅದೇ ಗಿರಾಕಿಯ ದಿನ. 2011ರ ಜುಲೈ ಕೊನೆಯಲ್ಲಿ ವಿರೂಪಾಕ್ಷ ಬಜಾರಿನಿಂದ ಎಬ್ಬಿಸಿದ ಮೇಲೆ ಹೇಗೋ ಬೇರೂರಿಕೊಂಡ ಅಲ್ಲಿನ ಅಂಗಡಿಯವರಿಗೆ ಮಂಗಳವಾರವೋ ಬುಧವಾರವೋ ಅನುಕೂಲ. ಕಂಪ್ಲಿಯಲ್ಲಿ ರೈತರು ಪೇಟೆಗೆ ಬಾರದ ದಿನ ಯಾವುದೆಂದು ಅಲ್ಲಿಯವರಿಗೇ ಗೊತ್ತು. ಅಂಗಡಿಯ ಹುಡುಗನಿಗೆ ಆ ದಿನದ ಸಂಬಳ ಕತ್ತರಿಸಬಾರದು, ಇದೊಂದೇ ಕರಾರು. ಯಾವ ಬೀದಿ ಯಾವ ದಿನ ಗೊತ್ತು ಮಾಡಿತೆಂದು ಬರೆದು ತಿಳಿಸಿದರೆ ಈ ಪುಟದಲ್ಲಿ ಪ್ರಕಟಿಸುತ್ತೇವೆ, ಅಂದು ಗಿರಾಕಿಗಳು ಸುಮ್ಮನೆ ಚೀಲ ಹಿಡಿದು ಬಂದು ಮರಳದಿರಲಿ.